ಬಸ್ ಸ್ಟಾಪಿನಲ್ಲಿ ಉಳಿದ ಟಾಕೀಸುಗಳು

ಬೆಂಗಳೂರಿನ ಬನಶಂಕರಿ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ 'ಕಾಮಾಕ್ಯ, ಕಾಮಾಕ್ಯ' ಎಂದು ಕೂಗುತ್ತಾರೆ. ಹಳ್ಳಿಯ ಹೆಸರಿರಬೇಕು ಅಂದುಕೊಳ್ಳಬೇಡಿ, ಅದು ಒಂದು ಸಿನಿಮಾ ಟಾಕೀಸಿನ ಹೆಸರು. ಸೌತ್ ಎಂಡ್ ಸರ್ಕಲ್ ಹತ್ತಿರ 'ನಂದಾ ಥಿಯೇಟರ್ ರಸ್ತೆ' ಅಂದರೆ ಆಟೋದವರು ಮರುಮಾತಿಲ್ಲದೆ ಕರೆದುಕೊಂಡು ಹೋಗುತ್ತಾರೆ. ಇಳಿದು ನೋಡಿದರೆ ನಂದಾ ಇಲ್ಲ. ಸ್ವಾಗತ್ ಥಿಯೇಟರ್ ಇದ್ದಲ್ಲಿ ಮಾಲ್ ಎದ್ದಿದೆ, ಹಳೆಯ ಹೆಸರು ಮಾತ್ರ ಅದರ ಬೋರ್ಡಿನಲ್ಲಿ ಉಳಿದಿದೆ.

ಕಟ್ಟಡ ಹೋದ ಮೇಲೂ ಜನ ಯಾಕೆ ಅದೇ ಹೆಸರು ಹೇಳುತ್ತಾರೆ? ಇದಕ್ಕೆ ಉತ್ತರ ಬೇಕಾದರೆ ಈ ಬಡಾವಣೆಗಳು ಹುಟ್ಟಿದ ಕಾಲಕ್ಕೆ ಹೋಗಬೇಕು.

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಹೆಸರು ಮಹಾರಾಜ ಜಯಚಾಮರಾಜ ಒಡೆಯರದ್ದು. ಆದರೆ ಸುತ್ತಲ ನೆಲ ಬೈರಸಂದ್ರ, ಯಡಿಯೂರು, ಸಾರಕ್ಕಿ, ಕತ್ರಿಗುಪ್ಪೆಯಂಥ ಹಳ್ಳಿಗಳದ್ದು. ಬಿಟಿಎಂ ಲೇಔಟ್ ಎಂಬ ಸ್ಟೈಲಿನ ಹೆಸರನ್ನು ಬಿಡಿಸಿದರೂ ಒಳಗಿರುವುದು ಬೈರಸಂದ್ರ, ತಾವರೆಕೆರೆ, ಮಡಿವಾಳ, ಮೂರೂ ಹಳ್ಳಿಗಳೇ. ಹೊಲವಿದ್ದ ಕಡೆ ಸೈಟುಗಳಾದವು. ಬೇರೆ ಬೇರೆ ಜಿಲ್ಲೆಗಳಿಂದ ನೌಕರಿಗೆ ಬಂದವರು ಮನೆ ಕಟ್ಟಿದರು. ಪಕ್ಕದ ಮನೆಯವರ ಗುರುತಿಲ್ಲ, ಹುಟ್ಟೂರಿನ ಅರಳಿಕಟ್ಟೆ ಇಲ್ಲ, ಜಾತ್ರೆಯೂ ಇಲ್ಲ. ಆ ಖಾಲಿ ಜಾಗವನ್ನು ಒಂದಷ್ಟಾದರೂ ತುಂಬಿದ್ದು ಟಾಕೀಸುಗಳು ಎಂಬುದು ನಮ್ಮ ಅಭಿಪ್ರಾಯ. ಗಾಂಧಿ ಕ್ಲಾಸು, ಬಾಲ್ಕನಿ ಎಂಬ ಭೇದ ಅಲ್ಲೂ ಇತ್ತು, ನಿಜ. ಆದರೂ ನಗುವ ಜಾಗದಲ್ಲಿ ಇಡೀ ಟಾಕೀಸು ಒಟ್ಟಿಗೆ ನಗುತ್ತಿತ್ತು. ಇಂಟರ್ವಲ್ಲಿನಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು ನಿಂತಾಗ 'ನೀವು ಮೂರನೇ ಕ್ರಾಸಿನವರಲ್ವಾ?' ಅನ್ನುವ ಮಾತು ಹುಟ್ಟಿದರೆ ಅಷ್ಟು ಸಾಕು, ಮರುದಿನದಿಂದ ಅವರು ಪರಿಚಯದವರು.

ಜಯನಗರ 4ನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸ್ ಒಳಗಿದ್ದ ಥಿಯೇಟರಿಗೆ ಪುಟ್ಟಣ್ಣ ಕಣಗಾಲ್ ಹೆಸರಿತ್ತು. ಟಾಕೀಸುಗಳಿಗೆ ಸಾಮಾನ್ಯವಾಗಿ ದೇವರ ಹೆಸರೋ ಮಾಲೀಕರ ಮನೆಯವರ ಹೆಸರೋ ಇರುತ್ತದೆ. ಇಲ್ಲಿ ಒಬ್ಬ ನಿರ್ದೇಶಕನ ಹೆಸರು. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ಹುಟ್ಟಿ, 1985ರಲ್ಲಿ ತೀರಿಕೊಂಡ ಪುಟ್ಟಣ್ಣನವರು ಮನೆಯೊಳಗಿನ ಹೆಣ್ಣುಮಕ್ಕಳ ಸಂಕಟವನ್ನು ಪರದೆಗೆ ತಂದವರು. ಅವರ 'ಶರಪಂಜರ' 1971ರದ್ದು, ತ್ರಿವೇಣಿಯವರ ಕಾದಂಬರಿಯಿಂದ ಬಂದದ್ದು. ಕಲ್ಪನಾ ಮಾಡಿದ ಕಾವೇರಿ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಗಂಡನಿಗೂ ಸುತ್ತಲಿನವರಿಗೂ ಅವಳು ಹುಚ್ಚಿಯಾಗಿಯೇ ಕಾಣುತ್ತಾಳೆ. ಔಷಧ ವಾಸಿ ಮಾಡಿದ್ದನ್ನು ಜನರ ನೋಟ ಮತ್ತೆ ಕೆಡಿಸುತ್ತದೆ. ಅಕ್ಕಪಕ್ಕದವರಿಂದ ನಮ್ಮ ಬಾಳು ಎಷ್ಟು ಹಗುರಾಗಬಹುದು, ಎಷ್ಟು ಭಾರವಾಗಬಹುದು ಎಂಬುದನ್ನು ಅಕ್ಕಪಕ್ಕದವರ ಜೊತೆಯಲ್ಲೇ ಕೂತು ನೋಡಬೇಕು, ಆಗ ಅದರ ಏಟೇ ಬೇರೆ. ಕಾಂಪ್ಲೆಕ್ಸನ್ನು ಹೊಸದಾಗಿ ಕಟ್ಟುವ ಯೋಜನೆ ಬಂದಾಗ ಪುಟ್ಟಣ್ಣ ಥಿಯೇಟರ್ ನೆಲಸಮವಾಯಿತು.

ಟಾಕೀಸುಗಳನ್ನು ಟಿವಿ ನುಂಗಿತು ಎನ್ನುತ್ತಾರೆ. ಅರ್ಧ ಸತ್ಯ. ದೂರದರ್ಶನದ ಕಾಲದಲ್ಲಿ ಟಿವಿ ಇದ್ದ ಮನೆಗೆ ಭಾನುವಾರ ಬೀದಿಯೇ ಬರುತ್ತಿತ್ತು, ಚಾಪೆ ಹಾಸಿ ಕೂರಿಸುತ್ತಿದ್ದರು. ಟಾಕೀಸುಗಳಿಗೆ ದೊಡ್ಡ ಏಟು ಕೊಟ್ಟದ್ದು ಜಾಗದ ಬೆಲೆ. ದಿನಕ್ಕೆ ನಾಲ್ಕು ಆಟದ ದುಡ್ಡು ಅದರ ಮುಂದೆ ಏನೂ ಅಲ್ಲ ಅಂತಾಯಿತು.

ಇದೇ ಬನಶಂಕರಿಯಲ್ಲಿ ಇನ್ನೊಂದು ಕಥೆಯೂ ಇದೆ. 1971ರಲ್ಲಿ ಬೆಂಗಳೂರಿನ ಕೆಲವು ಸಿನಿಮಾ ಪ್ರೇಮಿಗಳು ಸೇರಿ 'ಸುಚಿತ್ರಾ' ಎಂಬ ಫಿಲ್ಮ್ ಸೊಸೈಟಿ ಕಟ್ಟಿದರು. ಆ ಮೊದಲಿಗರಲ್ಲಿ ಎಚ್.ಎನ್. ನರಹರಿ ರಾವ್ ಒಬ್ಬರು. ಫಿಲ್ಮ್ ಸೊಸೈಟಿ ನಡೆಯುವ ಬಗೆ ನಮ್ಮ ಹಾಲಿನ ಸೊಸೈಟಿಗೆ ದೂರದ್ದಲ್ಲ. ಟಿಕೆಟ್ ಇಲ್ಲ, ಸದಸ್ಯರು ಚಂದಾ ಕೊಡುತ್ತಾರೆ. ಪುಣೆಯ ಫಿಲ್ಮ್ ಭಂಡಾರದಿಂದಲೋ ವಿದೇಶಿ ರಾಯಭಾರ ಕಚೇರಿಗಳಿಂದಲೋ ರೀಲುಗಳನ್ನು ತರಿಸಿ ನೋಡುತ್ತಿದ್ದರು. ನೋಡಿ ಎದ್ದು ಹೋಗುವುದಿಲ್ಲ, ಕೂತು ಮಾತಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ಇಂಥ ಸೊಸೈಟಿಗಳ ದೇಶಮಟ್ಟದ ಒಕ್ಕೂಟ 1959ರಲ್ಲಿ ಹುಟ್ಟಿದಾಗ ಅಧ್ಯಕ್ಷರಾದವರು ಸತ್ಯಜಿತ್ ರಾಯ್. ಸುಚಿತ್ರಾ ಮುಂದೆ ಬನಶಂಕರಿ 2ನೇ ಹಂತದಲ್ಲಿ ಸ್ವಂತ ಸಭಾಂಗಣವನ್ನೇ ಕಟ್ಟಿಕೊಂಡಿತು. ಮಾಲೀಕನ ಟಾಕೀಸು ಮಾರಾಟವಾಗಬಹುದು. ಸದಸ್ಯರದ್ದನ್ನು ಮಾರುವುದು ಅಷ್ಟು ಸುಲಭವಲ್ಲ.

ಇದೆಲ್ಲ ಪೇಟೆಯ ಓದಿದವರ ಶೋಕಿ ಅನ್ನುವಿರಾ? ಹಾಗಾದರೆ ಸಾಗರ ತಾಲ್ಲೂಕಿನ ಹೆಗ್ಗೋಡು ನೋಡಿ. ಸುಚಿತ್ರಾ ಹುಟ್ಟಿ ಎರಡೇ ವರ್ಷಕ್ಕೆ, 1973ರಲ್ಲಿ, ಕೆ.ವಿ. ಸುಬ್ಬಣ್ಣನವರ ನೀನಾಸಂ ಅಲ್ಲಿ ಚಿತ್ರಸಮಾಜ ಶುರುಮಾಡಿತು. ಇಟಲಿಯ 'ಬೈಸಿಕಲ್ ಥೀವ್ಸ್', ಜಪಾನಿನ 'ರಾಶೋಮಾನ್', ಬಂಗಾಳದ 'ಪಥೇರ್ ಪಾಂಚಾಲಿ' ಮಲೆನಾಡಿನ ರೈತರ ಮುಂದೆ ಓಡಿದವು. ಸೈಕಲ್ ಕಳೆದುಕೊಂಡರೆ ಕೂಲಿಯೂ ಹೋಗುತ್ತದೆ ಎಂಬುದನ್ನು ಹಳ್ಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ, ಭಾಷೆ ಇಟಲಿಯದ್ದಾದರೇನು.

ಈಗ ಒಂದೇ ಮನೆಯಲ್ಲಿ ನಾಲ್ಕು ಫೋನು, ನಾಲ್ಕು ಮೂಲೆ, ನಾಲ್ಕು ಸಿನಿಮಾ. ನಾವೂ ಹಾಗೇ ನೋಡುತ್ತೇವೆ. ನಗು ಬಂದಾಗ ತಲೆಯೆತ್ತಿದರೆ ಜೊತೆಗೆ ನಗುವವರು ಯಾರೂ ಇರುವುದಿಲ್ಲ.

ಸುಚಿತ್ರಾ ಇರುವುದು ಬನಶಂಕರಿಯ ಬಿ.ವಿ. ಕಾರಂತ ರಸ್ತೆಯಲ್ಲಿ. ಬೆಂಗಳೂರಿಗೆ ದುಡಿಯಲು ಬಂದ ನಿಮ್ಮೂರ ಹುಡುಗ ಹುಡುಗಿಯರು ಆ ಕಡೆ ರೂಮು ಮಾಡಿದ್ದರೆ, ರಜೆಯ ದಿನ ಒಮ್ಮೆ ಹೋಗಿಬರಲು ಹೇಳಿ. ಒಬ್ಬರೇ ಹೋದರೂ ಅಡ್ಡಿಯಿಲ್ಲ, ಪಕ್ಕದ ಸೀಟಿನಲ್ಲಿ ಯಾರಾದರೂ ಇರುತ್ತಾರೆ.