ನಿಂಬೆಹಣ್ಣಿನ ಬ್ಯಾಟರಿಯಲ್ಲಿ ಉರುವಲು ಯಾವುದು?

ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಕಡೆಯ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ನಿಂಬೆಹಣ್ಣಿನ ಬ್ಯಾಟರಿಗೆ ಒಂದು ಮೇಜು ಮೀಸಲು. ನಾಲ್ಕು ಹಣ್ಣು, ನಾಲ್ಕು ಜಿಐ (ಸತು ಲೇಪಿಸಿದ ಕಬ್ಬಿಣದ) ಮೊಳೆ, ನಾಲ್ಕು ತುಂಡು ತಾಮ್ರದ ತಂತಿ; ಕೊನೆಯಲ್ಲಿ ಮಿಣುಕುವ ಕೆಂಪು ಎಲ್‌ಇಡಿ. ನೋಡಿದವರು ‘ನಿಂಬೆಹಣ್ಣಲ್ಲಿ ಕರೆಂಟಿದೆ’ ಎಂದುಕೊಂಡು ಹೊರಡುತ್ತಾರೆ. ಈ ಲೇಖನದ ತಕರಾರು ಆ ಮಾತಿನ ಮೇಲೆ.

ಹಳ್ಳಿಯಿಂದ ಬಂದ ಹಿರಿಯರ ಬಾಯಲ್ಲಿ ‘ಬ್ಯಾಟರಿ’ ಎಂದರೆ ಟಾರ್ಚು, ಅದರೊಳಗೆ ಹಾಕುವುದು ‘ಶೆಲ್ಲು’. ವಿಜ್ಞಾನದಲ್ಲಿ ಒಂಟಿಯಾಗಿರುವುದು ಕೋಶ, ಹಲವು ಕೋಶಗಳು ಕೂಡಿದರೆ ಬ್ಯಾಟರಿ. ಶೆಲ್ಲು ಎಂಬ ಆಡುಮಾತೇ ಶಾಸ್ತ್ರಕ್ಕೆ ಹತ್ತಿರ ಎನ್ನಬೇಕು.

ಹಣ್ಣಿನೊಳಗೆ ನಡೆಯುವುದು ಇಷ್ಟು. ಮೊಳೆಯ ಮೇಲಿನ ಸತುವಿನ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟು, ಅಯಾನಾಗಿ ರಸಕ್ಕಿಳಿಯುತ್ತದೆ. ಬಿಟ್ಟ ಎಲೆಕ್ಟ್ರಾನುಗಳು ತಂತಿಯಲ್ಲಿ ಹರಿದು ತಾಮ್ರವನ್ನು ತಲುಪುತ್ತವೆ. ಅಲ್ಲಿ ಆಮ್ಲದ ಹೈಡ್ರೋಜನ್ ಅಯಾನುಗಳು ಅವನ್ನು ಪಡೆದು ಅನಿಲವಾಗುತ್ತವೆ. ತಾಮ್ರ ಸವೆಯುವುದಿಲ್ಲ, ಈ ಕೊಡುಕೊಳ್ಳುವಿಕೆಗೆ ಜಗಲಿಯಾಗುತ್ತದೆ ಅಷ್ಟೆ. 1836ರ ಡೇನಿಯಲ್ ಕೋಶದ ಕಥೆ ಬೇರೆ. ಅಲ್ಲಿ ಎಲೆಕ್ಟ್ರಾನ್ ಪಡೆಯುವುದು ಮೈಲುತುತ್ತದ ದ್ರಾವಣದಲ್ಲಿರುವ ತಾಮ್ರದ ಅಯಾನು, ಒತ್ತಡ 1.1 ವೋಲ್ಟ್. ಆ ಸಮೀಕರಣವನ್ನೇ ನಿಂಬೆಗೂ ಬರೆದು ಚಾರ್ಟಿಗೆ ಅಂಟಿಸುವ ರೂಢಿ ತಪ್ಪು. ನಿಂಬೆಯ ಕೋಶಕ್ಕೆ ಮೀಟರ್ ಹಿಡಿದರೆ ಸಿಗುವುದು 0.9 ವೋಲ್ಟಿನ ಆಸುಪಾಸು.

ಅಂದರೆ ಉರುವಲು ಸತು, ನಿಂಬೆಯಲ್ಲ. ಇದರ ಪರೀಕ್ಷೆ ಸುಲಭ. ನಿಂಬೆಯ ಬದಲು ಹುಣಸೆನೀರು ಇಟ್ಟರೆ ವೋಲ್ಟೇಜ್ ಹೆಚ್ಚೇನೂ ಬದಲಾಗದು. ಸತುವಿನ ಬದಲು ಮೆಗ್ನೀಸಿಯಂ ಪಟ್ಟಿ ಚುಚ್ಚಿದರೆ ಮುಳ್ಳು ಥಟ್ಟನೆ ಮೇಲೇರುತ್ತದೆ. ಎರಡೂ ಕಡೆ ತಾಮ್ರವನ್ನೇ ಇಟ್ಟರೆ ಏನೂ ಇಲ್ಲ. (ಕಾಮಾಕ್ಷಿಪಾಳ್ಯದ ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ತಂದ ತಂತಿಯ ವಾರ್ನಿಷನ್ನು ಉಪ್ಪುಕಾಗದದಿಂದ ಉಜ್ಜದಿದ್ದರೂ ಏನೂ ಇಲ್ಲ, ಅನೇಕ ಪ್ರಯೋಗಗಳು ಅಲ್ಲೇ ಕೆಡುತ್ತವೆ.) ಇದಕ್ಕಿಂತ ಗಟ್ಟಿ ಸಾಕ್ಷಿ ಮೊಳೆಯದೇ. ಅದರ ಸತು ತೆಳುವಾದ ಲೇಪ. ಅದು ಕರಗಿ ಕಬ್ಬಿಣ ಹೊರಬಿದ್ದಾಗ, ಹಣ್ಣಿನಲ್ಲಿ ರಸ ತುಂಬಿರುವಂತೆಯೇ ವೋಲ್ಟೇಜ್ ಇಳಿಯುತ್ತದೆ.

ಹಾಗಾದರೆ ಹಣ್ಣಿನ ಪಾಲೇನು? ಎಲೆಕ್ಟ್ರಾನು ಪಡೆಯುವ ಆಮ್ಲ, ಅಯಾನುಗಳಿಗೆ ದಾರಿ, ಮತ್ತು ಆ ದಾರಿಯ ಅಡೆತಡೆ. 2010ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಹೈಮ್ ರಬಿನೊವಿಚ್ ಮತ್ತು ಸಂಗಡಿಗರು ಹಸಿ ಆಲೂಗಡ್ಡೆಯ ಬದಲು ಬೇಯಿಸಿದ್ದನ್ನು ಬಳಸಿ, ಸಿಗುವ ಶಕ್ತಿ ಹತ್ತು ಪಟ್ಟಿನವರೆಗೆ ಹೆಚ್ಚುವುದನ್ನು ತೋರಿಸಿದರು. ಲೋಹ ಅದೇ, ಕುಗ್ಗಿದ್ದು ಒಳರೋಧ. ಹಣ್ಣುಗಳನ್ನು ಎಷ್ಟು ಪೋಣಿಸಿದರೂ ಹಳೆಯ ಟಾರ್ಚಿನ ಬಲ್ಬು ಹೊತ್ತಿಕೊಳ್ಳದಿರಲು ಈ ಒಳರೋಧವೇ ಕಾರಣ.

ದ್ರವದ ಪಾಲು ಎಲ್ಲ ಕಡೆಯೂ ಇಷ್ಟೇ ಎಂದಲ್ಲ. ಮಾಗಡಿ ರಸ್ತೆಯ ಬ್ಯಾಟರಿ ಅಂಗಡಿಯಲ್ಲಿ ಆಟೋದ ಬ್ಯಾಟರಿಗೆ ಹೈಡ್ರೋಮೀಟರ್ ಇಳಿಸಿ ನೋಡುವುದು ಆ್ಯಸಿಡ್ಡಿನ ಸಾಂದ್ರತೆಯನ್ನೇ. ಸೀಸದ ಪ್ಲೇಟುಗಳೆರಡೂ ಗಂಧಕಾಮ್ಲವನ್ನು ಹೀರಿ ಸಲ್ಫೇಟಾಗುವುದರಿಂದ, ತುಂಬಿದ್ದಾಗ 1.28ರಷ್ಟಿದ್ದ ಅಂಕಿ ಚಾರ್ಜು ಖಾಲಿಯಾದಂತೆ ಇಳಿಯುತ್ತದೆ. ಚಾರ್ಜರಿನ ಮೂಲಕ ಕರೆಂಟನ್ನು ವಿರುದ್ಧ ದಿಕ್ಕಿನಲ್ಲಿ ಹರಿಸಿದರೆ ಆಮ್ಲ ಮರಳಿ ಬರುತ್ತದೆ.

ನಿಂಬೆಯ ಕೋಶಕ್ಕೂ ಇಂಥದೊಂದು ಚಾರ್ಜಿಂಗ್ ಆಗಿರುತ್ತದೆ, ಬಹು ದೂರದಲ್ಲಿ. ರಾಜಸ್ಥಾನದ ಉದಯಪುರದ ಬಳಿಯ ದೇಬಾರಿಯಂಥ ಕಾರ್ಖಾನೆಗಳಲ್ಲಿ ಅದಿರನ್ನು ಹುರಿದು, ಗಂಧಕಾಮ್ಲದಲ್ಲಿ ಕರಗಿಸಿ, ಕರೆಂಟ್ ಹರಿಸಿ ಸತುವನ್ನು ಬೇರ್ಪಡಿಸುತ್ತಾರೆ. ಈ ಕೊನೆಯ ಹಂತಕ್ಕೆ ಟನ್ನಿಗೆ ಸುಮಾರು 3,000 ಯೂನಿಟ್ ಬೇಕು. ಗ್ರಾಮಿಗೆ 3 ವ್ಯಾಟ್-ಗಂಟೆ. ಅದೇ ಒಂದು ಗ್ರಾಂ ಸತು ಪೂರ್ತಿ ಕರಗಿದರೆ 0.82 ಆಂಪಿಯರ್-ಗಂಟೆ ಕೊಡಬಲ್ಲದು; 0.9 ವೋಲ್ಟಿನಲ್ಲಿ ಮುಕ್ಕಾಲು ವ್ಯಾಟ್-ಗಂಟೆಗೂ ತುಸು ಕಡಿಮೆ. ಒಂದು ಮಿಲಿಆಂಪಿಯರ್ ಎಳೆಯುತ್ತಾ ಹೋದರೆ ಆ ಗ್ರಾಂ 34 ದಿನ ಬಾಳುತ್ತದೆ. ಅಷ್ಟರೊಳಗೆ ನಿಂಬೆಹಣ್ಣು ಕೊಳೆತಿರುತ್ತದೆ, ಬೇರೆಯದು ಚುಚ್ಚಬೇಕು.