ಶಂಕಿತ ಸಾವು ಮತ್ತು ಜನಕಥನ: ಹಲಗಲಿಯ ಲಾವಣಿಯಿಂದ ಅಂತರಜಾಲದ ಮೀಮ್‌ವರೆಗೆ

ಅಕಾಲಿಕ ಮರಣವೊಂದು ಎರಡು ಬಗೆಯ ದಾಖಲೆಗಳನ್ನು ಬಿಟ್ಟುಹೋಗುತ್ತದೆ. ಒಂದು ಸರಕಾರದ ಕಡತ. ಇನ್ನೊಂದು ಜನರ ಬಾಯಲ್ಲಿ ಬೆಳೆಯುವ ಕಥನ. ಇವೆರಡರ ನಡುವಣ ಅಂತರ ಹಿಗ್ಗಿದಂತೆಲ್ಲ ಸಂಶಯಕ್ಕೆ ನೆಲೆ ದೊರೆಯುತ್ತದೆ. ಕರ್ನಾಟಕದ ಮಟ್ಟಿಗೆ ಈ ಪ್ರಕ್ರಿಯೆಯ ಹಳೆಯ ರೂಪವನ್ನು ಮುಧೋಳ ಸೀಮೆಯಲ್ಲಿಯೂ ಹೊಸ ರೂಪವನ್ನು ೨೦೧೫ರ ಬೆಂಗಳೂರಿನಲ್ಲಿಯೂ ಗುರುತಿಸಬಹುದು.

೧೮೫೭ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಜಾರಿಗೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ ೧೯ ಮಂದಿಯನ್ನು ಗಲ್ಲಿಗೇರಿಸಲಾಯಿತು. ಸರಕಾರಕ್ಕೆ ಇದು ಅಡಗಿಸಿದ ದಂಗೆ. ಲಾವಣಿಕಾರನಿಗೆ ಹನುಮ, ಬಾಲ, ಜಡಗ, ರಾಮರ ಬಲಿದಾನ. ಜೆ.ಎಫ್. ಫ್ಲೀಟರು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಈ ಲಾವಣಿಯಲ್ಲಿ ಕುರ್ತಕೋಟಿಯ ಕಲ್ಮೇಶನ ಅಂಕಿತವಿದೆ. ವರ್ಣನೆ ಹಾಡುಗಾರನದಾದರೂ ಊರು, ಹುಕುಂ, ದಾಳಿ ಎಂಬ ತಿರುಳಿನಲ್ಲಿ ಹಾಡು ಮತ್ತು ಕಡತ ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಅವು ಭಿನ್ನವಾಗುವುದು ಘಟನೆಗೆ ಕೊಡುವ ಅರ್ಥದಲ್ಲಿ ಮಾತ್ರ.

ಕೋಲಾರದ ಜಿಲ್ಲಾಧಿಕಾರಿಯಾಗಿ ಮರಳು ದಂಧೆ ಹಾಗೂ ಭೂಒತ್ತುವರಿಗಳ ವಿರುದ್ಧ ಕ್ರಮ ಕೈಗೊಂಡು ಜನಪ್ರಿಯರಾಗಿದ್ದ ಐ.ಎ.ಎಸ್. ಅಧಿಕಾರಿ ಡಿ.ಕೆ. ರವಿ ಅವರ ಪ್ರಕರಣ ಬೇರೆ ಬಗೆಯದು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿದ್ದ ಅವರು ೨೦೧೫ರ ಮಾರ್ಚ್ ೧೬ರಂದು ಬೆಂಗಳೂರಿನ ತಮ್ಮ ನಿವಾಸದಲ್ಲಿ ಮೃತಪಟ್ಟ ಸ್ಥಿತಿಯಲ್ಲಿ ಪತ್ತೆಯಾದರು. ಕೋಲಾರ ಹೊತ್ತಿ ಉರಿಯಿತು. ವಿಧಾನಮಂಡಲದ ಕಲಾಪ ಸ್ಥಗಿತಗೊಂಡಿತು. ಸಿ.ಐ.ಡಿ.ಯ ಮಧ್ಯಂತರ ವರದಿ ಬಹಿರಂಗವಾಗದಂತೆ ಉಚ್ಚ ನ್ಯಾಯಾಲಯ ತಡೆ ನೀಡಿತು. ಒತ್ತಡಕ್ಕೆ ಮಣಿದ ಸರಕಾರ ಒಂದು ವಾರದೊಳಗೆ ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು. ಇದು ಆತ್ಮಹತ್ಯೆಯೆಂಬ ಸಿ.ಬಿ.ಐ. ನಿರ್ಣಯ ಹೊರಬಂದದ್ದು ೨೦೧೬ರ ಕೊನೆಯ ಹೊತ್ತಿಗೆ.

ಈ ಸುಮಾರು ಇಪ್ಪತ್ತು ತಿಂಗಳ ಅವಧಿಯಲ್ಲಿ ಕಥನ ತಾನಾಗಿಯೇ ಗಟ್ಟಿಗೊಂಡಿತು. ಪ್ರಾಮಾಣಿಕ ಅಧಿಕಾರಿ, ಪ್ರಬಲ ವೈರಿಗಳು, ಆಕಸ್ಮಿಕ ಸಾವು: ಈ ಮೂರನ್ನು ಜೋಡಿಸಿದರೆ ತೀರ್ಪು ಸಿದ್ಧವಾಗಿಯೇ ಕಾಣುತ್ತಿತ್ತು. ಫೇಸ್‌ಬುಕ್ ಹಾಗೂ ವಾಟ್ಸ್‌ಆಪ್‌ಗಳಲ್ಲಿ ಅದು ಒಂದು ಭಾವಚಿತ್ರ ಮತ್ತು ನ್ಯಾಯ ಕೇಳುವ ಒಂದು ಸಾಲಿಗೆ ಸಂಕ್ಷೇಪಗೊಂಡಿತು. ರಿಚರ್ಡ್ ಡಾಕಿನ್ಸ್ ೧೯೭೬ರಲ್ಲಿ ‘ಮೀಮ್’ ಎಂಬ ಪದವನ್ನು ಬಳಕೆಗೆ ತಂದದ್ದು ಅನುಕರಣೆಯಿಂದ ಮನಸ್ಸಿನಿಂದ ಮನಸ್ಸಿಗೆ ಹಬ್ಬುವ ಸಂಸ್ಕೃತಿಯ ಘಟಕವನ್ನು ಸೂಚಿಸಲು. ಹಬ್ಬಲು ಬೇಕಾದುದು ಚಿಕ್ಕದಾಗಿರುವುದು, ನೆನಪಿನಲ್ಲಿ ನಿಲ್ಲುವುದು, ಸತ್ಯವಾಗಿರಲೇಬೇಕೆಂಬ ನಿಯಮವಿಲ್ಲ. ತನಿಖಾ ವರದಿ ದೀರ್ಘವಾದುದು, ತಡವಾದುದು, ಹಂಚಿಕೊಳ್ಳಲಾಗದುದು. ಆದ್ದರಿಂದ ನಿರಾಕರಣೆಯೂ ಮುಚ್ಚಿಹಾಕುವ ಯತ್ನಕ್ಕೆ ಪುರಾವೆಯೆಂದೇ ಓದಿಸಿಕೊಂಡಿತು. ಮೃತರ ಖಾಸಗಿ ಬದುಕಿನ ಊಹೆಗಳೂ ಇದರೊಡನೆ ಹರಡಿದವು. ಅದರ ನೋವು ಉಳಿದದ್ದು ಬದುಕಿರುವವರ ಪಾಲಿಗೆ.

ಜನರ ಸಂಶಯವನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕಲಾಗದು. ಒತ್ತುವರಿ, ಮರಳು ದಂಧೆಗಳ ಅನುಭವ ನಿಜವಾದುದೇ ಆಗಿತ್ತು. ಆ ಅನುಭವವೇ ಊಹೆಗೆ ನಂಬಿಕೆಯ ಬಲ ಕೊಟ್ಟಿತು. ಆದರೆ ವ್ಯವಸ್ಥೆಯ ಮೇಲಿನ ಅವಿಶ್ವಾಸ ನಿರ್ದಿಷ್ಟ ಸಾವಿನ ಕಾರಣಕ್ಕೆ ಸಾಕ್ಷಿಯಾಗುವುದಿಲ್ಲ. ಹಲಗಲಿಯ ಹಾಡುಗಾರ ಕೇಳುಗರೆದುರು ನಿಂತು ಹಾಡುತ್ತಿದ್ದ, ಕೊನೆಗೆ ತನ್ನ ಅಂಕಿತ ಹಾಕುತ್ತಿದ್ದ. ಮೀಮಿಗೆ ಅಂಕಿತವಿಲ್ಲ, ಆದ್ದರಿಂದ ಅದರ ತಪ್ಪಿಗೆ ಉತ್ತರ ಹೇಳುವವರೂ ಇಲ್ಲ. ಮುಂದಿನ ಇತಿಹಾಸಕಾರನಿಗೆ ಇವು ಸಾವಿನ ಕಾರಣವನ್ನಲ್ಲ, ಆ ಕಾಲದ ಜನರ ಭಯ ಮತ್ತು ನಿರೀಕ್ಷೆಗಳನ್ನು ತಿಳಿಸುವ ಆಕರಗಳಾಗಿ ಉಳಿಯುತ್ತವೆ.