ಗಾಬಾ-ಎ ಗ್ರಾಹಕ: ನಿದ್ರಾಜನಕಗಳ ಮತ್ತು ಸೆಳವು ವಿಷಗಳ ರಸಾಯನ

ಗಾಬಾ-ಎ ಗ್ರಾಹಕವು ನರಕೋಶಗಳ ಪೊರೆಯಲ್ಲಿದ್ದು ಅವುಗಳ ಉದ್ರೇಕವನ್ನು ತಗ್ಗಿಸುವ ಪ್ರೊಟೀನು. ನಿದ್ರೆ ಮಾತ್ರೆ, ಆತಂಕ ಕಳೆಯುವ ಗುಳಿಗೆ, ಫಿಟ್ಸ್ ನಿಲ್ಲಿಸಲು ಕೊಡುವ ಚುಚ್ಚುಮದ್ದು, ಶಸ್ತ್ರಚಿಕಿತ್ಸೆಯ ಹಲವು ಅರಿವಳಿಕೆಗಳು ಇದರ ಮೂಲಕವೇ ಕೆಲಸ ಮಾಡುತ್ತವೆ. ಮದ್ಯದ ಮತ್ತಿನಲ್ಲೂ ಇದಕ್ಕೆ ಪಾಲಿದೆ. ಇದೇ ಪ್ರೊಟೀನನ್ನು ತಡೆಯುವ ವಸ್ತುಗಳು ಸೆಳವು ತರುವ ವಿಷಗಳು. ಈ ಎರಡನೆಯ ಗುಂಪಿನ ಎರಡು ವಸ್ತುಗಳು ಕನ್ನಡಿಗರಿಗೆ ತೀರ ಹತ್ತಿರದವು: ಪಶ್ಚಿಮಘಟ್ಟದ ಕಾಕಮಾರಿ ಕಾಯಿಯಲ್ಲಿರುವ ಪಿಕ್ರೊಟಾಕ್ಸಿನ್ ಮತ್ತು ಕಾಸರಗೋಡಿನ ಗೇರುತೋಟಗಳ ಮೇಲೆ ಸುರಿದ ಎಂಡೋಸಲ್ಫಾನ್.

ಗಾಬಾ ಎಂಬುದು ಗಾಮಾ ಅಮೈನೊ ಬ್ಯುಟಿರಿಕ್ ಆಮ್ಲದ ಹ್ರಸ್ವರೂಪ. ಮಿದುಳಿನಲ್ಲಿ ಇದು ಇದೆಯೆಂಬುದು 1950ರಲ್ಲಿ ತಿಳಿಯಿತು. ಒಂದು ನರಕೋಶ ಗಾಬಾವನ್ನು ಬಿಟ್ಟರೆ ಪಕ್ಕದ ಕೋಶದ ಪೊರೆಯಲ್ಲಿರುವ ಗ್ರಾಹಕ ಅದನ್ನು ಹಿಡಿದು ತನ್ನ ನಡುವಿನ ರಂಧ್ರವನ್ನು ತೆರೆಯುತ್ತದೆ. ಆ ರಂಧ್ರದಿಂದ ಕ್ಲೋರೈಡ್ ಅಯಾನುಗಳು ಒಳನುಗ್ಗುತ್ತವೆ, ಕೋಶ ಸುಲಭಕ್ಕೆ ಸಿಡಿಯದಂತಾಗುತ್ತದೆ. ಗ್ರಾಹಕದಲ್ಲಿ ಐದು ಉಪಘಟಕಗಳು ರಂಧ್ರದ ಸುತ್ತ ನಿಂತಿರುತ್ತವೆ. ಮನುಷ್ಯರಲ್ಲಿ ಇಂಥ ಉಪಘಟಕಗಳಿಗೆ 19 ಜೀನುಗಳಿವೆ. ಮಿದುಳಿನಲ್ಲಿ ಹೆಚ್ಚಾಗಿ ಕಾಣುವ ಜೋಡಣೆಯಲ್ಲಿ ಎರಡು ಆಲ್ಫಾ, ಎರಡು ಬೀಟಾ, ಒಂದು ಗಾಮಾ ಇರುತ್ತವೆ. ಗಾಬಾ ಕೂರುವುದು ಆಲ್ಫಾ-ಬೀಟಾ ಸಂದಿಯಲ್ಲಿ, ಆತಂಕ ಇಳಿಸುವ ಡಯಾಜೆಪಾಮ್ ಕೂರುವುದು ಮುಖ್ಯವಾಗಿ ಆಲ್ಫಾ-ಗಾಮಾ ಸಂದಿಯಲ್ಲಿ, ಪಿಕ್ರೊಟಾಕ್ಸಿನ್ ಕೂರುವುದು ರಂಧ್ರದೊಳಗೇ. ಒಂದೇ ಪ್ರೊಟೀನಿನಲ್ಲಿ ಇಷ್ಟು ಬೇರೆ ಬೇರೆ ಹಿಡಿತಾಣಗಳಿರುವುದರಿಂದಲೇ ಔಷಧ ರಸಾಯನಕ್ಕೆ ಇಲ್ಲಿ ಇಷ್ಟೊಂದು ಕೆಲಸ ಸಿಕ್ಕಿತು.

ಕಾಕಮಾರಿ ಅಮೃತಬಳ್ಳಿಯ ಕುಟುಂಬಕ್ಕೇ ಸೇರಿದ ದೊಡ್ಡ ಕಾಡುಬಳ್ಳಿ. ಹೃದಯದಾಕಾರದ ಅಗಲ ಎಲೆ, ಗೊಂಚಲು ಗೊಂಚಲಾಗಿ ಇಳಿಬೀಳುವ ಕಾಯಿ. ಒಣಗಿದ ಕಾಯಿ ಬಟಾಣಿಗಿಂತ ತುಸು ದೊಡ್ಡದು, ಕಪ್ಪು, ಸುಕ್ಕುಸುಕ್ಕು. ಒಳಗಿನ ಬೀಜ ವಿಪರೀತ ಕಹಿ. ಘಟ್ಟದ ಹಳ್ಳಗಳಲ್ಲಿ ಬೇಸಿಗೆಗೆ ಹರಿವು ನಿಂತು ಗುಂಡಿಗಳಷ್ಟೇ ಉಳಿದಾಗ ಕಾಯಿಯನ್ನು ಜಜ್ಜಿ ನೀರಿಗೆ ಹಾಕಿದರೆ ಮೀನುಗಳು ದಿಕ್ಕುತಪ್ಪಿ ಸುತ್ತಿ ಮೇಲೆ ತೇಲುತ್ತವೆ. ಈ ಕಾಯಿ ಮಲಬಾರ್ ಕರಾವಳಿಯಿಂದ ಯೂರೋಪಿಗೂ ಹೋಗುತ್ತಿತ್ತು. ಮೀನು ಹಿಡಿಯಲು, ಹೇನು ಕೊಲ್ಲಲು ಬಳಸುತ್ತಿದ್ದುದಲ್ಲದೆ ಇಂಗ್ಲೆಂಡಿನಲ್ಲಿ ತೆಳು ಬಿಯರಿಗೆ ಅಮಲು ಏರಿಸಲೂ ಇದನ್ನು ಬೆರೆಸುತ್ತಿದ್ದರು. 1816ರ ಬ್ರಿಟಿಷ್ ಕಾಯ್ದೆ ಬಿಯರು ತಯಾರಕರು ಇದನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು.

ಫ್ರಾನ್ಸಿನ ಪಿಯೆರ್ ಬುಲೆ 1812ರಲ್ಲಿ ಈ ಬೀಜದಿಂದ ಪಿಕ್ರೊಟಾಕ್ಸಿನ್ನನ್ನು ಬೇರ್ಪಡಿಸಿದ. ಅದು ಒಂದೇ ವಸ್ತುವಲ್ಲ, ಪಿಕ್ರೊಟಾಕ್ಸಿನಿನ್ ಮತ್ತು ಪಿಕ್ರೊಟಿನ್ ಎಂಬ ಎರಡರ ಮಿಶ್ರಣ. ವಿಷದ ಬಹುಪಾಲು ಮೊದಲನೆಯದರದು. ಬಾರ್ಬಿಟ್ಯುರೇಟ್ ನಿದ್ರೆ ಮಾತ್ರೆಗಳನ್ನು ಮಿತಿಮೀರಿ ನುಂಗಿದವರನ್ನು ಎಬ್ಬಿಸಲು 1930-40ರ ದಶಕಗಳಲ್ಲಿ ಇದನ್ನೇ ಚುಚ್ಚುತ್ತಿದ್ದರು. ಎಚ್ಚರ ಬರುವುದಕ್ಕೂ ಸೆಳವು ಬರುವುದಕ್ಕೂ ಅಂತರ ತೀರ ಕಡಿಮೆಯಾದ್ದರಿಂದ ಆ ಚಿಕಿತ್ಸೆ ನಿಂತುಹೋಯಿತು. ಮದ್ದಾಗಿ ಸೋತ ಪಿಕ್ರೊಟಾಕ್ಸಿನ್ ಪ್ರಯೋಗಶಾಲೆಯಲ್ಲಿ ಗೆದ್ದಿತು. ನರಕೋಶದ ಒಂದು ಸಂಕೇತ ಗಾಬಾದಿಂದಲೇ ಬಂದದ್ದೇ ಎಂದು ಪರೀಕ್ಷಿಸಲು ನರವಿಜ್ಞಾನಿಗಳು ಇಂದಿಗೂ ಪಿಕ್ರೊಟಾಕ್ಸಿನ್ ಹಾಕಿ ನೋಡುತ್ತಾರೆ. ಹದಿನೈದೇ ಇಂಗಾಲದ ಈ ಅಣುವಿನ ಚೌಕಟ್ಟು ಎಷ್ಟು ಬಿಗಿಯೆಂದರೆ ಅದನ್ನು ಕಟ್ಟುವುದೇ ರಸಾಯನಜ್ಞರಿಗೆ ಸವಾಲಾಯಿತು. ಇ. ಜೆ. ಕೋರಿ 1979ರಲ್ಲಿ ಅದರ ಸಂಶ್ಲೇಷಣೆ ಪ್ರಕಟಿಸಿದರು. 2020ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ರಯನ್ ಶೆನ್ವಿ ತಂಡ ಇನ್ನೂ ಚಿಕ್ಕ ದಾರಿ ತೋರಿಸಿತು.

ಇನ್ನು ನಿದ್ರೆ ತರುವ ಕೃತಕ ಸಂಯುಕ್ತಗಳ ಪೈಕಿ ತೀರ ಹಳೆಯದರಲ್ಲೊಂದು ಕ್ಲೋರಲ್ ಹೈಡ್ರೇಟ್. 1832ರಲ್ಲಿ ಲೀಬಿಗ್ ತಯಾರಿಸಿದ್ದ ಇದನ್ನು 1869ರಲ್ಲಿ ಬರ್ಲಿನ್ನಿನ ಆಸ್ಕರ್ ಲೀಬ್ರಾಯ್ಖ್ ನಿದ್ರೆಯ ಔಷಧವಾಗಿ ಬಳಕೆಗೆ ತಂದ. ದೇಹದೊಳಗೆ ಇದು ಟ್ರೈಕ್ಲೋರೊಎಥನಾಲ್ ಆಗಿ ಗಾಬಾ-ಎ ಗ್ರಾಹಕದ ಕೆಲಸವನ್ನು ಹೆಚ್ಚಿಸುತ್ತದೆ. ವೈದ್ಯರ ಚೀಟಿಯಿಂದ ಬಹುಮಟ್ಟಿಗೆ ಮರೆಯಾದ ಇದು ರಾಯಚೂರು ಕಡೆ 'ಸಿ.ಎಚ್. ಪೌಡರ್' ಎಂಬ ಹೆಸರಿನಲ್ಲಿ ಕಲಬೆರಕೆ ಸೇಂದಿಯ ಮೂಲಕ ಬದುಕಿದೆ. ನಿತ್ಯ ಕುಡಿಯುವವರಿಗೆ ಅದು ಒಮ್ಮೆಲೇ ಸಿಗದೆ ಹೋದರೆ ಕೈನಡುಕ, ಭ್ರಮೆ, ಫಿಟ್ಸ್ ಬರುತ್ತವೆ. ಗ್ರಾಹಕ ಹೊರಗಿನ ನೆರವಿಗೆ ಒಗ್ಗಿಕೊಂಡು ತನ್ನ ಸಹಜ ಬಲ ಕಳೆದುಕೊಂಡಿರುವುದೇ ಇದಕ್ಕೆ ಕಾರಣ. ಬಾರ್ಬಿಟ್ಯುರೇಟ್, ಆಲ್ಪ್ರಜೋಲಾಮ್, ಮದ್ಯ ಬಿಟ್ಟಾಗಲೂ ಆಗುವುದು ಇದೇ.

ಭಾರತದಲ್ಲೇ ಹುಟ್ಟಿದ ನಿದ್ರಾಜನಕ ಮೆಥಾಕ್ವಲೋನ್. ಇಂದ್ರ ಕಿಶೋರ್ ಕಕ್ಕರ್ ಮತ್ತು ಮುಂದೆ ಸಿಎಸ್‌ಐಆರ್ ಮಹಾನಿರ್ದೇಶಕರಾದ ಸೈಯದ್ ಹುಸೇನ್ ಜಹೀರ್ 1951ರಲ್ಲಿ ಇದನ್ನು ತಯಾರಿಸಿದಾಗ ಹುಡುಕುತ್ತಿದ್ದುದು ಮಲೇರಿಯಾದ ಮದ್ದು. ಚೀನಾದ ಜ್ವರದ ಗಿಡವೊಂದರಲ್ಲಿದ್ದ ಫೆಬ್ರಿಫ್ಯುಜಿನ್ ಎಂಬ ಸಸ್ಯಕ್ಷಾರದಲ್ಲಿ ಕ್ವಿನಜೊಲಿನೋನ್ ಉಂಗುರವಿತ್ತು; ಆ ಉಂಗುರದ ಮೇಲೆ ಕಟ್ಟಿದ ಹಲವು ಸಂಯುಕ್ತಗಳಲ್ಲಿ ಇದೂ ಒಂದು. ಕೆಲವು ವರ್ಷಗಳ ಬಳಿಕ ಲಖನೌದಲ್ಲಿ ಎಂ. ಎಲ್. ಗುಜ್ರಾಲ್ ಮತ್ತು ಸಂಗಡಿಗರು ಇಲಿಗಳಿಗೆ ಕೊಟ್ಟು ನೋಡಿದಾಗ ಅದು ನಿದ್ರೆ ಬರಿಸುವುದು ಗೊತ್ತಾಯಿತು. ಬ್ರಿಟನ್ನಿನಲ್ಲಿ ಮ್ಯಾಂಡ್ರಾಕ್ಸ್, ಅಮೆರಿಕದಲ್ಲಿ ಕ್ವೇಲ್ಯೂಡ್ ಎಂಬ ಹೆಸರಿನಲ್ಲಿ ಮಾರಾಟವಾಗಿ ಚಟದ ವಸ್ತುವಾಗಿ ಬೆಳೆದ ಇದು 1980ರ ದಶಕದಲ್ಲಿ ಬಹುತೇಕ ಎಲ್ಲೆಡೆ ಔಷಧದ ಅಂಗಡಿಯಿಂದ ಹೊರಬಿತ್ತು. ಇದು ಗ್ರಾಹಕದ ಯಾವ ಜಾಗ ಹಿಡಿಯುತ್ತದೆ ಎಂಬುದು ಸ್ಪಷ್ಟವಾದದ್ದು ಮಾತ್ರ 2015ರಲ್ಲಿ: ಪೊರೆಯೊಳಗೆ ಮುಳುಗಿರುವ ಭಾಗದ ಬೀಟಾ-ಆಲ್ಫಾ ಸಂದಿ. ಅಷ್ಟರಲ್ಲಿ ಮದ್ದಿನ ಕತೆ ಮುಗಿದೇ ಹೋಗಿತ್ತು.

ಡಯಾಜೆಪಾಮ್ ಸೇರಿದ ಬೆಂಜೊಡಯಜೆಪೀನುಗಳ ಹುಟ್ಟೂ ಇಂಥದ್ದೇ ಆಕಸ್ಮಿಕ. ಹಾಫ್‌ಮನ್-ಲಾರೋಶ್ ಕಂಪನಿಯ ಲಿಯೊ ಸ್ಟರ್ನ್‌ಬಾಖ್ ತಾನು ಹಿಂದೆ ಬಣ್ಣಗಳಿಗಾಗಿ ಅಭ್ಯಾಸ ಮಾಡಿದ್ದ ಸಂಯುಕ್ತಗಳನ್ನು ಮತ್ತೆ ಕೈಗೆತ್ತಿಕೊಂಡಿದ್ದರು. ಫಲ ಕಾಣದೆ ಬದಿಗಿಟ್ಟಿದ್ದ ಒಂದು ಮಾದರಿಯನ್ನು 1957ರಲ್ಲಿ ಪ್ರಯೋಗಶಾಲೆ ಶುಚಿಮಾಡುವಾಗ ಪರೀಕ್ಷೆಗೆ ಕಳಿಸಿದರು. ಅದೇ 1960ರಲ್ಲಿ ಲಿಬ್ರಿಯಂ ಆಗಿ ಪೇಟೆಗೆ ಬಂತು, 1963ರಲ್ಲಿ ಡಯಾಜೆಪಾಮ್. ಇವು ರಂಧ್ರವನ್ನು ತಾವೇ ತೆರೆಯುವುದಿಲ್ಲ, ಗಾಬಾ ಇದ್ದಾಗ ಅದು ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತವೆ. ಬಾರ್ಬಿಟ್ಯುರೇಟುಗಳು ದೊಡ್ಡ ಪ್ರಮಾಣದಲ್ಲಿ ಗಾಬಾ ಇಲ್ಲದೆಯೂ ತೆರೆಯಬಲ್ಲವು. ಬೆಂಜೊಡಯಜೆಪೀನ್ ಒಂದನ್ನೇ ಹೆಚ್ಚು ನುಂಗಿದವರು ಸಾಮಾನ್ಯವಾಗಿ ಬದುಕುಳಿಯುವುದು ಈ ವ್ಯತ್ಯಾಸದಿಂದಲೇ; ಮದ್ಯದ ಜತೆ ನುಂಗಿದರೆ ಮಾತ್ರ ಉಸಿರು ನಿಲ್ಲುವ ಅಪಾಯವಿದೆ. ಭಾರತದಲ್ಲಿ ಇವುಗಳಲ್ಲಿ ಹಲವು 1985ರ ಮಾದಕವಸ್ತು ಕಾಯ್ದೆಯ ಹಿಡಿತದಲ್ಲಿವೆ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ.

ಔಷಧ ಮೊದಲು, ಗ್ರಾಹಕ ಆಮೇಲೆ. ಬೆಂಜೊಡಯಜೆಪೀನ್ ಹಿಡಿಯುವ ತಾಣ ಮಿದುಳಿನಲ್ಲಿದೆ ಎಂದು 1977ರಲ್ಲಿ ಡೆನ್ಮಾರ್ಕ್ ಮತ್ತು ಸ್ವಿಟ್ಜರ್ಲೆಂಡಿನ ಎರಡು ತಂಡಗಳು ತೋರಿಸಿದವು. ಉಪಘಟಕಗಳ ಜೀನುಗಳು 1987ರಲ್ಲಿ ಸಿಕ್ಕವು. ನಿದ್ರೆ ಒಂದು ಉಪಘಟಕದ ಕೆಲಸ, ಆತಂಕ ಇಳಿಸುವುದು ಇನ್ನೊಂದರದು ಎಂಬ ಗುಮಾನಿಗೆ 1999ರಲ್ಲಿ ಜ್ಯೂರಿಖ್‌ನಲ್ಲಿ ಪುರಾವೆ ದೊರೆಯಿತು. ಆಲ್ಫಾ-1ರ 101ನೆಯ ಸ್ಥಾನದ ಹಿಸ್ಟಿಡಿನ್ ಬದಲು ಆರ್ಜಿನೀನ್ ಇರುವಂತೆ ಮಾಡಿದ ಇಲಿಗಳಿಗೆ ಡಯಾಜೆಪಾಮ್ ಕೊಟ್ಟರೆ ಭಯ ಕಡಿಮೆಯಾಗುತ್ತಿತ್ತು, ಮಂಪರು ಬರುತ್ತಿರಲಿಲ್ಲ. ಆಲ್ಫಾ-1ನ್ನು ಬಿಟ್ಟು ಆಲ್ಫಾ-2, ಆಲ್ಫಾ-3ರ ಮೇಲಷ್ಟೇ ಕೆಲಸ ಮಾಡುವ, ಮಂಪರಿಲ್ಲದ ಆತಂಕಶಾಮಕ ಬೇಕೆಂದು ಕಂಪನಿಗಳು ಮುಗಿಬಿದ್ದವು. ಮರ್ಕ್‌ನ ಟಿಪಿಎ-023 ಭರವಸೆ ಮೂಡಿಸಿತ್ತಾದರೂ ದೀರ್ಘಕಾಲ ಕೊಟ್ಟ ಪ್ರಾಣಿಗಳಲ್ಲಿ ಕಣ್ಣಿನ ಪೊರೆ ಕಂಡು ಕೈಬಿಡಲಾಯಿತು. ಇಲಿಯಲ್ಲಿ ಚೊಕ್ಕವಾಗಿ ಬೇರ್ಪಟ್ಟ ಗುಣಗಳು ಮನುಷ್ಯರಲ್ಲಿ ಅಷ್ಟು ಸುಲಭವಾಗಿ ಬೇರ್ಪಡಲಿಲ್ಲ. ಹೊಸದಾಗಿ ಗೆದ್ದ ಮದ್ದು ಬೇರೆ ದಾರಿಯಿಂದ ಬಂತು: ದೇಹದ್ದೇ ಸ್ಟೀರಾಯ್ಡ್ ಆದ ಅಲೋಪ್ರೆಗ್ನನೊಲೋನ್. ಬ್ರೆಕ್ಸನೊಲೋನ್ ಎಂಬ ಹೆಸರಿನಲ್ಲಿ ಬಾಣಂತಿಯರ ಖಿನ್ನತೆಗೆ ಅಮೆರಿಕದಲ್ಲಿ 2019ರಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿತು.

ಕೀಟಗಳಿಗೂ ಗಾಬಾ ಗ್ರಾಹಕವಿದೆ. ಡೀಲ್ಡ್ರಿನ್, ಲಿಂಡೇನ್, ಎಂಡೋಸಲ್ಫಾನ್ ಮುಂತಾದ ಕ್ಲೋರಿನ್ ತುಂಬಿದ ಕೀಟನಾಶಕಗಳು ಕೊಲ್ಲುವುದು ಅದರ ರಂಧ್ರವನ್ನು ಕಟ್ಟಿ, ಹೆಚ್ಚುಕಡಿಮೆ ಪಿಕ್ರೊಟಾಕ್ಸಿನ್ ಕೂರುವ ಜಾಗದಲ್ಲೇ ಕೂತು. ಡೀಲ್ಡ್ರಿನ್‌ಗೆ ಜಗ್ಗದ ಹಣ್ಣಿನ ನೊಣಗಳಲ್ಲಿ ರಂಧ್ರದ ಗೋಡೆಯ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವುದು 1993ರಲ್ಲಿ ಕಂಡುಬಂತು. ಆ ನೊಣಗಳಿಗೆ ಪಿಕ್ರೊಟಾಕ್ಸಿನ್ ಕೂಡ ಅಷ್ಟಾಗಿ ತಾಗುವುದಿಲ್ಲ. ಮನುಷ್ಯರ ಗ್ರಾಹಕದಲ್ಲೂ ಇದೇ ಜಾಗವಿದೆ. ಗೇರನ್ನು ಕಾಡುವ ಟೀ ಸೊಳ್ಳೆ ಎಂಬ ಕೀಟಕ್ಕೆಂದು ಕಾಸರಗೋಡು ಜಿಲ್ಲೆಯ ಸರ್ಕಾರಿ ನೆಡುತೋಪುಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ ಮೊದಲಾದ ಕನ್ನಡ-ತುಳು ಊರುಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟು ವಿಕಲತೆಗಳು ವಿಪರೀತವಾಗಿರುವುದನ್ನು ಸ್ಥಳೀಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಹೊರಜಗತ್ತಿಗೆ ತಿಳಿಸಿದರು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲೂ ಇದೇ ಗೋಳು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ದೇಶದಾದ್ಯಂತ ಇದರ ತಯಾರಿಕೆ, ಮಾರಾಟ, ಬಳಕೆ ತಡೆಯಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಹುಟ್ಟು ವಿಕಲತೆಗಳನ್ನು ಗಾಬಾ ತಡೆಯೊಂದರಿಂದ ವಿವರಿಸಲಾಗದು; ಹಾರ್ಮೋನುಗಳ ಮೇಲೂ ಎಂಡೋಸಲ್ಫಾನಿನ ಪ್ರಭಾವವಿದೆ. ಆದರೆ ಎಂಡೋಸಲ್ಫಾನ್ ಕುಡಿದವರಲ್ಲಿ ಕೆಲವೇ ತಾಸಿನಲ್ಲಿ ಬರುವ ಸೆಳವು ನೇರವಾಗಿ ಈ ಗ್ರಾಹಕದ್ದು. ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಆಸ್ಪತ್ರೆಯಲ್ಲಿ ಮೊದಲು ಕೊಡುವುದು ಅದೇ ಪ್ರೊಟೀನಿನ ಇನ್ನೊಂದು ತಾಣ ಹಿಡಿಯುವ ಬೆಂಜೊಡಯಜೆಪೀನುಗಳಾದ ಲೊರಾಜೆಪಾಮ್ ಅಥವಾ ಮಿಡಜೋಲಾಮ್. ಅದಕ್ಕೂ ಬಗ್ಗದಿದ್ದರೆ ಥಯೋಪೆಂಟೋನ್ ಅಥವಾ ಪ್ರೊಪೊಫೋಲ್ ಅರಿವಳಿಕೆ ಕೊಟ್ಟು, ವೆಂಟಿಲೇಟರಿನಲ್ಲಿಟ್ಟು, ವಿಷ ಇಳಿಯುವವರೆಗೆ ಕಾಯುತ್ತಾರೆ.